ಮೂರು ತಲೆಮಾರಿನ ನಿಧಿ ಹುಚ್ಚು: ನಮ್ಮ ಮನೆಯ ಕಡತದ ಈ ಸಾಲು ಏನು ಹೇಳುತ್ತಿದೆ?

ಹೇಮಾವತಿ_ದಂಡೆ

ಬೇಲೂರಿನಿಂದ ಮೂಡಿಗೆರೆ ಕಡೆ ಹೋಗುವಾಗ ಒಳಗೆ ಸಿಗುವ ಸಣ್ಣ ಹಳ್ಳಿ ನಮ್ಮದು. ಹೆಸರು ಹೇಳುವುದಿಲ್ಲ, ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ತಾತನ ಕಾಲದವರೆಗೆ ಶಾನುಭೋಗಿಕೆ ನಮ್ಮ ಮನೆಯಲ್ಲೇ ಇತ್ತು. ಆಗಿನದ್ದು ಅಂತ ಈಗ ಉಳಿದಿರುವುದು ಅರ್ಧ ಕುಸಿದ ತೊಟ್ಟಿಮನೆ, ಸ್ವಲ್ಪ ಕಾಫಿ ತೋಟ, ಒಂದು ಕಡತ, ಮತ್ತೆ ಒಂದು ನಿಧಿಯ ಕಥೆ.

ಕಡತ ನೋಡದವರಿಗೆ ಹೇಳಬೇಕು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಹಲಗೆ ಕೊಟ್ಟಿರುತ್ತಾರೆ. ಕಪ್ಪು ಮೈಮೇಲೆ ಬಳಪದಲ್ಲಿ ಬರೆಯುವುದು. ನಮ್ಮದರಲ್ಲಿ ಮಡಿಕೆಯ ಅಂಚುಗಳ ಕಪ್ಪು ಉದುರಿ ನೂಲು ಎದ್ದಿದೆ. ಬೇರೆ ಮಡಿಕೆಗಳ ಬರಹ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ; ಒಂದೇ ಒಂದು ಮಡಿಕೆಯಲ್ಲಿ ಮಾತ್ರ ಅಕ್ಷರ ಮಾಸುವಷ್ಟು ಬೆರಳುಗಳು ಓಡಾಡಿವೆ. ಅಲ್ಲಿರುವ ಸಾಲು:

"ನಿಧಿ ನಿಕ್ಷೇಪ ಜಲ ಪಾಷಾಣ ... ಮಿ ಸಿದ್ಧ ಸಾ..."

ಮುತ್ತಾತ ಇದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರಂತೆ, ಯಾರಿಗೂ ಏನೂ ಹೇಳಲಿಲ್ಲವಂತೆ. ಅವರು ಹೋದ ಎಷ್ಟೋ ವರ್ಷದ ಮೇಲೆ ತಾತ ತೆಗೆದು ಓದಿ ಅರ್ಥ ಮಾಡಿದ್ದು ಹೀಗೆ: ನಿಧಿಯನ್ನು ನಿಕ್ಷೇಪ ಮಾಡಿದೆ, ನೀರೂ ಬಂಡೆಯೂ ಕೂಡಿದ ಜಾಗದಲ್ಲಿ, ಸಾಧಿಸಿದವನಿಗೆ ಸಿದ್ಧಿಸುತ್ತದೆ. ನಮ್ಮ ತೋಟದ ಮೇಲ್ಭಾಗದಲ್ಲಿ ಆನೆ ಗಾತ್ರದ ಬಂಡೆ ಇದೆ, ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆ ಇದೆ. ಸ್ವಲ್ಪ ಆಚೆಗೆ ಸೂರ್ಯ, ಚಂದ್ರ, ನಡುವೆ ಲಿಂಗ ಕೆತ್ತಿದ ಕಲ್ಲು ಬೇರೆ. ಇನ್ನೇನು ಬೇಕು?

ತಾತ ಅಗೆಸಿದರು. ಅವರ ನಂತರ ದೊಡ್ಡಪ್ಪ ಅಗೆಸಿದರು, ಎಲ್ಲಿಂದಲೋ ಮಂತ್ರವಾದಿ ಕರೆಸಿ, ಅಮಾವಾಸ್ಯೆ ರಾತ್ರಿ ಕೋಳಿ ಕೊಯ್ಸಿ. ಆ ಕಲ್ಲನ್ನೂ ಕಿತ್ತರು. ಅದು ಈಗ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಚಂದ್ರ ಮುಕ್ಕಾಲು ಸವೆದಿದ್ದಾನೆ. ಗುಂಡಿಗೆ ಕಾಫಿ ಸಿಪ್ಪೆ ಸುರಿಯುತ್ತಾರೆ.

ಯಾರ ನಿಧಿ ಅಂತ ಕೇಳಿದರೆ ತಲೆಮಾರಿಗೊಬ್ಬ ರಾಜ. ತಾತನ ಪ್ರಕಾರ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಬ್ರಿಟಿಷರಿಂದ ತಪ್ಪಿಸಿಕೊಂಡು ತಿರುಗುವಾಗ ಹೂತಿಟ್ಟದ್ದು. ದೊಡ್ಡಪ್ಪನ ಪ್ರಕಾರ ಟಿಪ್ಪುವಿನದು, ಮಂಜರಾಬಾದ್ ಕೋಟೆಯಿಂದ ಸುರಂಗದಲ್ಲಿ ಬಂದದ್ದು. ಈಗ ಚಿಕ್ಕಪ್ಪನ ಮಗ ಯೂಟ್ಯೂಬ್ ನೋಡಿ, ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫರ್ ಬಂದಾಗ ಹಳೇಬೀಡಿನಿಂದ ಸಾಗಿಸಿದ್ದು ಅಂತ ಸಾಧಿಸುತ್ತಿದ್ದಾನೆ.

ವಿಷಯಕ್ಕೆ ಬರುತ್ತೇನೆ. ಈ ತಮ್ಮ ಯಾರೋ "ಸ್ಕ್ಯಾನರ್ ಪಾರ್ಟಿ"ಯನ್ನು ಹಿಡಿದುಕೊಂಡು ಬಂದಿದ್ದಾನೆ. 3 ಲಕ್ಷ ಮುಂಗಡ ಕೇಳುತ್ತಿದ್ದಾರೆ. ಚಿಕ್ಕಪ್ಪ ತೋಟದ ಮೇಲೆ ಸಾಲ ತೆಗೆಯಲು ಬ್ಯಾಂಕಿಗೆ ಓಡಾಡುತ್ತಿದ್ದಾರೆ. ನಾನು ಹೆಣ್ಣುಮಗಳು, ಮದುವೆಯಾಗಿ ಹಾಸನದಲ್ಲಿರುವವಳು, ನನ್ನ ಮಾತು ಅಲ್ಲಿ ನಡೆಯುವುದಿಲ್ಲ. ಈ ಸಾಲಿನ ಅರ್ಥ ಬಲ್ಲವರು, ಸ್ಕ್ಯಾನರ್ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಕಾಫಿಹೂವು

3 ಲಕ್ಷ ಅಲ್ಲಿಗೆ ನಿಲ್ಲಲ್ಲ ಅಕ್ಕ. ಮುಂಗಡ ಆದ ಮೇಲೆ ಪೂಜೆ, ಪೂಜೆ ಆದ ಮೇಲೆ "ಕಾವಲು ಸರ್ಪ ಬಿಡ್ತಿಲ್ಲ" ಅಂತ ಇನ್ನೊಂದು ಪೂಜೆ. ನೋಡಿ ಬಂದವಳು ಹೇಳ್ತಿದೀನಿ.

ಸೋಮಾರಿ_ಸಕಲೇಶಪುರ

ಸ್ಕ್ಯಾನರ್ ಅಂದ್ರೆ ಮೆಟಲ್ ಡಿಟೆಕ್ಟರ್ ತಾನೆ? ನನ್ ಹತ್ರ ಒಂದಿದೆ. ನಿಧಿಗಲ್ಲ ಮಾರಾಯ್ರೇ, ಅಪ್ಪ ಹೂತಿದ್ದ ಸ್ಪ್ರಿಂಕ್ಲರ್ ಪೈಪ್ ಲೈನು ಎಲ್ಲಿ ಹೋಗಿದೆ ಅಂತ ಗೊತ್ತಿರ್ಲಿಲ್ಲ. ಬ್ಲಾಸಂ ಟೈಮಲ್ಲಿ ನೀರು ಕೊಡ್ಬೇಕು, ಎಲ್ಲೋ ಲೀಕು, ಹುಡುಕೋಕೆ ತಗೊಂಡೆ.

ಮೊದಲ ದಿನ ಬಾರಿಸಿದ್ದು ಬಾರಿಸಿದ್ದೇ. ಅಗೆದ್ರೆ ತಂತಿಬೇಲಿ ಚೂರು, ಮುರಿದ ಕತ್ತಿ, ಬಿಯರ್ ಬಾಟಲ್ ಮುಚ್ಚಳ. ಇನ್ನೊಂದು ಕಡೆ ಏನೂ ಇಲ್ಲದೆ ಬರೀ ಕೆಂಪು ಮಣ್ಣು, ಅಲ್ಲೂ ಕೂಗ್ತು. ನಮ್ಮ ಕಡೆ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ, ಜಂಬಿಟ್ಟಿಗೆ ಇರೋ ಕಡೆ ಮಣ್ಣೇ ಸದ್ದು ಮಾಡುತ್ತೆ. ಕೈಯಲ್ಲಿ ಹಿಡಿಯೋ ಮಿಷನ್ನು ನಾಣ್ಯದಂಥ ಸಣ್ಣ ವಸ್ತುವನ್ನ ಒಂದಡಿ ಆಳದಲ್ಲಿ ಕಂಡುಹಿಡಿದ್ರೆ ಪುಣ್ಯ. ಪೈಪಿನಂಥ ದೊಡ್ಡದಾದ್ರೆ ಇನ್ನೂ ಸ್ವಲ್ಪ ಕೆಳಗೆ. ಆ ಪಾರ್ಟಿಯವರು "40 ಅಡಿ ಕೆಳಗೆ ಚಿನ್ನದ ಕೊಪ್ಪರಿಗೆ ಕಾಣ್ತಿದೆ, ಸ್ಕ್ರೀನಲ್ಲಿ ಹಳದಿ ಬಣ್ಣ" ಅಂತ ತೋರಿಸ್ತಾರೆ. ಸ್ಕ್ರೀನಲ್ಲಿ ಬಣ್ಣ ಹಾಕೋಕೆ ಚಿನ್ನ ಬೇಕಾಗಿಲ್ಲ.

ಒಂದು ಕೆಲಸ ಮಾಡಿ. ಅಂಗಳದಲ್ಲಿ ಐದು ಬಕೆಟ್ ಬೋರಲು ಹಾಕಿ, ಒಂದರ ಕೆಳಗೆ ನಿಮ್ಮ ಬಳೆ ಇಡಿ. ಯಾವುದರ ಕೆಳಗಿದೆ ಅಂತ ಹೇಳಲಿ. ಆಮೇಲೆ ಮುಂಗಡದ ಮಾತು.

ಐಗೂರು_ಸೀಮೆ

ಎಲ್ಲರೂ ನಗಾಡೋಕೆ ಮುಂಚೆ ಒಂದು ಮಾತು. ಮೋಸಗಾರರು ಇದ್ದಾರೆ ಅಂದ ಮಾತ್ರಕ್ಕೆ ನಿಧಿಯೇ ಇಲ್ಲ ಅನ್ನೋದು ತಪ್ಪು. ನಮ್ಮ ಸೀಮೆಯ ಇತಿಹಾಸ ನೋಡಿ. 1792ರಲ್ಲಿ ಟಿಪ್ಪು ಮಂಜರಾಬಾದಿನ ನಕ್ಷತ್ರ ಕೋಟೆ ಕಟ್ಟಿಸಿದ್ದೇ ಈ ಬಾಲಂ, ಅಂದ್ರೆ ಐಗೂರಿನ, ಪಾಳೆಯಗಾರರ ಮೇಲೆ ಕಣ್ಣಿಡೋಕೆ, ಕರಾವಳಿ ಕಡೆಯ ದಾರಿ ಕಾಯೋಕೆ. ಅವನು ಸತ್ತ ಮೇಲೂ ವೆಂಕಟಾದ್ರಿ ನಾಯಕ ಬಗ್ಗಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನ ಸೋಲಿಸಿದ ಅದೇ ಆರ್ಥರ್ ವೆಲ್ಲೆಸ್ಲಿ ಖುದ್ದಾಗಿ ಸೈನ್ಯ ತಂದು ಕಾಡು ಕಡಿಸಿ, 1802ರ ಫೆಬ್ರವರಿಯಲ್ಲಿ ಹಿಡಿದು ನೇಣಿಗೆ ಹಾಕಿಸಿದ. ಇಂಥಾ ಮನುಷ್ಯ ಕಾಡಲ್ಲಿ ಅಲೆಯುವಾಗ ಖಜಾನೆಯನ್ನ ಹೊತ್ಕೊಂಡು ತಿರುಗ್ತಿದ್ದನಾ? ಎಲ್ಲೋ ಇಟ್ಟೇ ಇಟ್ಟಿರ್ತಾನೆ.

ಬ್ಯಾಂಕ್ ಇರ್ಲಿಲ್ಲ. ದಂಡು ಬಂತು ಅಂದ್ರೆ ಮಡಕೆಯಲ್ಲಿ ತುಂಬಿ ಹೂಳೋದೇ ದಾರಿ. ಶೃಂಗೇರಿಯಂಥ ಮಠವನ್ನೇ 1791ರಲ್ಲಿ ಮರಾಠಾ ದಂಡಿನ ಪಿಂಡಾರಿಗಳು ಲೂಟಿ ಮಾಡಿದ್ರು, ಆಮೇಲೆ ಟಿಪ್ಪು ನೆರವು ಕಳಿಸಿದ ಪತ್ರಗಳು ಈಗಲೂ ಇವೆ. ದೊಡ್ಡ ಮಠಕ್ಕೇ ಹೀಗಾದ್ರೆ ಸಾಮಾನ್ಯ ಜನ ಏನು ಮಾಡಿರಬೇಕು?

ಶಾಸನಪ್ರಿಯ

ಹೇಮಾವತಿಯವರೇ, ನೀವು ಕೊಟ್ಟ ಸಾಲಿನ ಮಾಸಿದ ಭಾಗವನ್ನು ಕಡತ ನೋಡದೆಯೇ ತುಂಬಬಹುದು. ಪೂರ್ತಿ ಸಾಲು ಹೀಗಿರಬೇಕು: "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಂಗಳೆಂಬ ಅಷ್ಟಭೋಗ ತೇಜಸ್ವಾಮ್ಯ". ಒಂದಕ್ಷರ ಆಚೀಚೆ ಇದ್ದೀತು.

ಇದು ಗುಟ್ಟಿನ ಸಂಕೇತವಲ್ಲ, ದಾನಪತ್ರದ ಒಕ್ಕಣೆ. ವಿಜಯನಗರದ ಕಾಲದಲ್ಲೂ ನಂತರದ ನಾಯಕರ ಕಾಲದಲ್ಲೂ ಭೂಮಿ ದಾನ ಕೊಟ್ಟಾಗ, ಆ ನೆಲದ ಮೇಲೆ ಯಾವ ಯಾವ ಹಕ್ಕು ಕೊಟ್ಟಿದೆ ಅಂತ ಬರೆಯುತ್ತಿದ್ದ ಎಂಟು ಬಾಬತ್ತುಗಳು ಇವು. ನೆಲದಡಿ ಯಾವತ್ತಾದರೂ ಹಳೆಯ ಹೊನ್ನು ಸಿಕ್ಕರೆ ಅದು, ಯಾರಾದರೂ ಇಟ್ಟ ನಿಕ್ಷೇಪ ಸಿಕ್ಕರೆ ಅದು, ಬಾವಿ ಕೆರೆಯ ನೀರು, ಕಲ್ಲು, ಕ್ಷಯವಿಲ್ಲದೆ ನಡೆಯುವ ಆದಾಯ, ಮುಂದೆ ಬರಬಹುದಾದ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಇನ್ನು ಮುಂದೆ ಸಾಗುವಳಿಗೆ ತರಬಹುದಾದದ್ದು. ಈಗಿನ ಕ್ರಯಪತ್ರದಲ್ಲಿ "ಜಲತರು ಪಾಷಾಣ ನಿಧಿ ನಿಕ್ಷೇಪಾದಿ" ಅಂತ ಬರೆಯುತ್ತಾರಲ್ಲ, ಸೈಟ್ ಕೊಂಡವರು ತಮ್ಮ ಪತ್ರ ತೆಗೆದು ನೋಡಿ, ಅದರ ಅಜ್ಜ ಇದು. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಹಾಸನ 5ನೇ ಸಂಪುಟ, ಕಡೂರು ಜಿಲ್ಲೆ, ಅಂದರೆ 1947ರ ತನಕದ ಚಿಕ್ಕಮಗಳೂರು, 6ನೇ ಸಂಪುಟ. ಪುಟ ತಿರುವಿ, ಈ ಒಕ್ಕಣೆ ಮತ್ತೆ ಮತ್ತೆ ಸಿಗುತ್ತದೆ. ಅಷ್ಟೂ ಕಡೆ ನಿಧಿ ಇದ್ದಿದ್ದರೆ ನಾಯಕರು ದಾನ ಕೊಡುತ್ತಿರಲಿಲ್ಲ, ತಾವೇ ಅಗೆಯುತ್ತಿದ್ದರು.

ಇನ್ನು ಕಲ್ಲು. ಸೂರ್ಯಚಂದ್ರ ಯಾವ ದಿಕ್ಕಿನ ಗುರುತೂ ಅಲ್ಲ. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಅನ್ನುವುದಕ್ಕೆ ಕೆತ್ತುವುದು. ನಡುವೆ ಲಿಂಗ ಇದ್ದರೆ ಅದು ಲಿಂಗಮುದ್ರೆ ಕಲ್ಲು, ಶಿವಾಲಯಕ್ಕೋ ಶೈವ ಮಠಕ್ಕೋ ಬಿಟ್ಟ ಜಮೀನಿನ ಎಲ್ಲೆ. ಬ್ರಾಹ್ಮಣರಿಗೆ ಕೊಟ್ಟ ಭೂಮಿಗಾದರೆ ಸಾಮಾನ್ಯವಾಗಿ ವಾಮನಮುದ್ರೆ, ಅಂದರೆ ವಾಮನನ ಕೆತ್ತನೆ, ಇರುತ್ತದೆ. ಹಾಗಾಗಿ ಆ ಕಡತದಲ್ಲಿರುವುದು ನಿಮ್ಮ ಮನೆಗೆ ಕೊಟ್ಟ ದಾನವೇ ಅಲ್ಲದಿರಬಹುದು. ದೇವರ ಜಮೀನಿನ ಪತ್ರದ ನಕಲನ್ನು ಊರ ಲೆಕ್ಕ ಬರೆಯುವವರು ಇಟ್ಟುಕೊಂಡಿದ್ದರು, ಅಷ್ಟೆ. ನಿಮ್ಮ ಮುತ್ತಾತ ಸುಮ್ಮನಿದ್ದದ್ದು ಗುಟ್ಟು ಕಾಯಲಿಕ್ಕಲ್ಲ. ಅವರಿಗೆ ಅದು ಏನೆಂದು ಗೊತ್ತಿತ್ತು, ಹೇಳುವಂಥದ್ದೇನೂ ಇರಲಿಲ್ಲ.

ಸೋಮಾರಿ_ಸಕಲೇಶಪುರ

ನನ್ನ ಸೈಟಿನ ಕ್ರಯಪತ್ರ ತೆಗೆದು ನೋಡಿದೆ. "ನಿಧಿ ನಿಕ್ಷೇಪ" ಇದೆ ಗುರೂ!! 30x40 ಸೈಟು. ಎಲ್ಲಿಂದ ಶುರು ಮಾಡ್ಲಿ, ಸಂಪ್ ಹತ್ರನಾ?

ಐಗೂರು_ಸೀಮೆ

ಶಾಸನಪ್ರಿಯರೇ, ಒಪ್ಪಿದೆ. ಆದ್ರೆ ಒಂದು ಪ್ರಶ್ನೆ. ನೆಲದಲ್ಲಿ ಹೊನ್ನು ಸಿಗೋದು ಅಪರೂಪ ಆಗಿದ್ರೆ ಎಂಟು ಹಕ್ಕಿನಲ್ಲಿ ಅದನ್ನೇ ಮೊದಲು ಯಾಕೆ ಬರೀತಿದ್ರು?

ಶಾಸನಪ್ರಿಯ

ಒಳ್ಳೆಯ ಪ್ರಶ್ನೆ. ಸಿಗುತ್ತಿತ್ತು, ಅದಕ್ಕೇ ಬರೆದರು. ಸಿಕ್ಕಾಗ ಜಗಳ ಆಗುತ್ತಿತ್ತು, ಅದಕ್ಕೇ ಮೊದಲು ಬರೆದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದರ ಪಾಲು ಬರುತ್ತದೆ: ನಿಧಿ ಕಂಡು ತಿಳಿಸಿದವನಿಗೆ ಆರರಲ್ಲೊಂದು ಭಾಗ, ದೊಡ್ಡ ಮೊತ್ತವಾದರೆ ರಾಜನಿಗೆ. ಅಂದಹಾಗೆ ಆ ಗ್ರಂಥವೇ ಕಳೆದುಹೋಗಿತ್ತು, ಅದರ ಓಲೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಶಾಸ್ತ್ರಿಗಳ ಕಣ್ಣಿಗೆ ಬಿತ್ತು. ನನ್ನ ಲೆಕ್ಕದಲ್ಲಿ ಮೈಸೂರು ಸೀಮೆಯಲ್ಲಿ ಸಿಕ್ಕ ಅತಿ ದೊಡ್ಡ ನಿಧಿ ಅದೇ, ಯಾರೂ ಕೋಳಿ ಕೊಯ್ದಿರಲಿಲ್ಲ.

ನಿಜವಾಗಿ ಸಿಗುವ ನಾಣ್ಯದ ಗಡಿಗೆಗಳನ್ನು ಗಮನಿಸಿ. ಉಳುವಾಗ, ಪಾಯ ತೆಗೆಯುವಾಗ, ಹಳೇ ಗೋಡೆ ಕೆಡವುವಾಗ, ಏನನ್ನೂ ಹುಡುಕದವರಿಗೆ ಸಿಗುತ್ತವೆ. ಇಟ್ಟವನು ಗುರುತು ಬಿಟ್ಟಿದ್ದರೆ ಅವನ ಮಕ್ಕಳೇ ತೆಗೆದಿರುತ್ತಿದ್ದರು.

ಹಳೇಬೀಡು_ದಾರಿ

ಪ್ರವಾಸಿಗರಿಗೆ ದಾರಿ ತೋರಿಸೋದು ನನ್ನ ಕಸುಬು. "ಇಲ್ಲಿನ ನಿಧಿ ಎಲ್ಲಿದೆ" ಅಂತ ಕೇಳದ ತಂಡವೇ ಇಲ್ಲ. 1311ರಲ್ಲಿ ಮಲಿಕ್ ಕಾಫರ್ ಬಂದ, ಹೊಯ್ಸಳ ದೊರೆ ಮೂರನೇ ಬಲ್ಲಾಳ ಊರು ಉಳಿಸಿಕೊಳ್ಳೋಕೆ ಆನೆ ಕುದುರೆ ಸಂಪತ್ತು ಒಪ್ಪಿಸಿದ. ಒಪ್ಪಿಸಿದ್ದು ದೆಹಲಿಗೆ ಹೋಯ್ತು. ಉಳಿದದ್ದಕ್ಕೆ 1327ರ ಸುಮಾರಿಗೆ ತುಘಲಕ್ ದಂಡು ಬಂತು. ಇಷ್ಟಾದ ಮೇಲೂ ಅಜ್ಜನ ಪಿಗ್ಗಿ ಡಬ್ಬಿ ಇಲ್ಲೇ ಉಳಿದಿದೆ ಅಂತ ಜನ ನಂಬ್ತಾರೆ.

ನಂಬಿಕೊಳ್ಳಲಿ, ನನಗೇನು. ಆದರೆ ಊರಾಚೆ ಹೊಲದಲ್ಲಿರೋ ವೀರಗಲ್ಲು, ಪಾಳು ಗುಡಿಗಳ ಗತಿ ನೋಡಿ. ಲಿಂಗದ ಪೀಠ ಕಿತ್ತು ಅಡಿಯಲ್ಲಿ ಅಗೆದಿರ್ತಾರೆ. ನಂದಿಯ ಹೊಟ್ಟೇಲಿ ವಜ್ರ ಇದೆ ಅಂತ ಒಡೆದಿರ್ತಾರೆ. ಕಲ್ಲೊಳಗೆ ಕಲ್ಲೇ ಇರೋದು ಸ್ವಾಮಿ. ಹೊಯ್ಸಳರ ಮೂಲ ಸ್ಥಾನ ಅನ್ನೋ ಅಂಗಡಿ ಊರು ನಿಮ್ಮ ಕಡೆಯೇ, ಮೂಡಿಗೆರೆ ತಾಲ್ಲೂಕು. ಹೋಗಿ ನೋಡಿದ್ರೆ ತಿಳಿಯುತ್ತೆ, ಅಲ್ಲಿನ ಸಂಪತ್ತು ನೆಲದ ಮೇಲೇ ನಿಂತಿದೆ. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ 2023ರಲ್ಲಿ ಯುನೆಸ್ಕೊ ಪಟ್ಟ ಸಿಕ್ಕಿತು. ಹೊಲದಲ್ಲಿ ಒಂಟಿ ನಿಂತಿರೋ ಕಲ್ಲಿಗೆ ಯಾವ ಕಾವಲೂ ಇಲ್ಲ.

ನಿವೃತ್ತ_ಗುಮಾಸ್ತ

ಕಂದಾಯ ಇಲಾಖೆಯಲ್ಲಿ ಹೊಟ್ಟೆ ಹೊರೆದವನು ನಾನು, ಕಾನೂನಿನ ಭಾಗ ಹೇಳಿಬಿಡುತ್ತೇನೆ. ಜಮೀನು ನಿಮ್ಮದೇ ಆದರೂ ಅಡಿಯಲ್ಲಿ ಸಿಕ್ಕ ನಿಧಿ ತಾನಾಗಿ ನಿಮ್ಮದಾಗುವುದಿಲ್ಲ. ನಮ್ಮ ರಾಜ್ಯಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. ನಿಧಿ ಹೆಸರಿನಲ್ಲಿ ಅಮಾನುಷ ಪೂಜೆ ಮಾಡಿಸುವುದು 2017ರ ಮಾಟಮಂತ್ರ ತಡೆ ಕಾಯ್ದೆಯಡಿ ಬರುತ್ತದೆ. ಆ ಪಾರ್ಟಿಯವರಿಗೆ ಈ ಎರಡು ಕಾಯ್ದೆಯ ಹೆಸರು ಹೇಳಿ, ಮುಂಗಡಕ್ಕೆ ರಸೀದಿ ಕೇಳಿ. ಅರ್ಧ ಕೆಲಸ ಆದ ಹಾಗೆ.

ನನಗೆ ಬೇರೆ ಒಂದು ಅನುಮಾನ ಇದೆ ತಾಯಿ. ನಿಮ್ಮ ತಾತ ಮೊದಲು ಅಗೆಸಿದ್ದು ಯಾವ ವರ್ಷ? ದೊಡ್ಡಪ್ಪ ಯಾವಾಗ? ಅಂದಾಜು ಆದರೂ ಸಾಕು.

ಹೇಮಾವತಿ_ದಂಡೆ

ಶಾಸನಪ್ರಿಯರ ಉತ್ತರ ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ನಮ್ಮಜ್ಜಿಯ ಎರಡೆಳೆ ಸರ, ಡಾಬು, ಬುಗುಡಿ ಎಲ್ಲ ಆ ಸಾಲಿಗೆ ಹೋಗಿವೆ. ಕೊನೆಗಾಲದಲ್ಲಿ ಅವರ ಕಿವಿಯಲ್ಲಿ ಬೇವಿನಕಡ್ಡಿ ಇತ್ತು.

ಗುಮಾಸ್ತರೇ, ಅಪ್ಪನನ್ನು ಕೇಳಿದೆ. ತಾತ ಅಗೆಸಿದ್ದು ಅಪ್ಪ ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಅಂದರೆ 50ರ ದಶಕದ ಕೊನೆ. ಇನ್ನೊಮ್ಮೆ 60ರ ದಶಕದ ನಡುವೆ. ದೊಡ್ಡಪ್ಪನದು ಎಮರ್ಜೆನ್ಸಿ ಆದ ಮೇಲೆ. ಯಾಕೆ ಕೇಳಿದಿರಿ?

ನಿವೃತ್ತ_ಗುಮಾಸ್ತ

ಅಂದುಕೊಂಡದ್ದೇ ಆಯಿತು. 1954ರಲ್ಲಿ ಇನಾಂ ರದ್ದತಿ ಕಾಯ್ದೆ ಬಂತು, ನಮ್ಮ ಕಡೆ ಜಾರಿಯಾಗುವ ಹೊತ್ತಿಗೆ 50ರ ದಶಕದ ಕೊನೆ. ಉಂಬಳಿ, ಅಂದರೆ ಇನಾಮಾಗಿ ಬಿಟ್ಟಿದ್ದ ಜಮೀನು, ಹೋಯಿತು. 1961ರ ಕಾಯ್ದೆ ಪಟೇಲಿಕೆ ಶಾನುಭೋಗಿಕೆಗಳನ್ನೇ ತೆಗೆಯಿತು, 1963ರಿಂದ ಜಾರಿ, ದಫ್ತರ ತಾಲ್ಲೂಕು ಕಚೇರಿಗೆ ಹೋಯಿತು. 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಗೇಣಿದಾರರಿಗೆ. ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಎನ್ನುವ ಗೇಣಿದಾರರ ಅರ್ಜಿ, ಫಾರಂ 7, ಹಾಕಿದ ಸಾಲು ಸಾಲು ಜನರನ್ನು ನಾನೇ ನೋಡಿದ್ದೇನೆ. ನಿಮ್ಮವರು ಗುದ್ದಲಿ ಎತ್ತಿದ ಮೂರು ಸಲವೂ ಒಂದೊಂದು ಆಸ್ತಿ ಕೈಬಿಟ್ಟ ಬೆನ್ನಿಗೇ ಎತ್ತಿದ್ದಾರೆ.

ನೌಕರಿಯಲ್ಲಿದ್ದಾಗ ಇಂಥ ಮನೆ ಎಷ್ಟೋ ಕಂಡಿದ್ದೇನೆ. ಉಣ್ಣಲು ಉಡಲು ಇದ್ದ ಕಾಲದಲ್ಲಿ ನಿಧಿಯ ಸುದ್ದಿಯೇ ಇರುವುದಿಲ್ಲ. ಮುತ್ತಾತನಿಗೆ ಉಂಬಳಿ ಇತ್ತು, ಅಧಿಕಾರ ಇತ್ತು, ಜೊತೆಗೆ ಆ ಕಡತದ ಮೋಡಿ ಬರಹ, ಅಂದರೆ ಕೂಡಿಸಿ ಬರೆದ ಓಟದ ಅಕ್ಷರ, ಓದಲು ಬರುತ್ತಿತ್ತು. ತಾತನ ಕಾಲದಲ್ಲಿ ಒಂದೊಂದಾಗಿ ಮೂರೂ ಇಲ್ಲವಾದವು. ಶಾಲೆಯ ಅಚ್ಚಿನ ಅಕ್ಷರ ಕಲಿತವರು, ಗುರುತು ಸಿಕ್ಕ ನಾಲ್ಕು ಪದ ಓದಿದರು.

ಗುಡ್ಡೇತೋಟ

ಈ ಚರ್ಚೆ ಮೊದಲಿಂದ ಓದ್ತಾ ಇದೀನಿ. ಬರೀಬಾರದು ಅಂದ್ಕೊಂಡಿದ್ದೆ. ಎಲ್ರೂ "ಅಗೆಸಿದರು, ಅಗೆಸಿದರು" ಅಂತ ಬರೀತಿದೀರ. ಅಗೆದೋರು ಯಾರು?

ನಮ್ ತಾತ. ನಿಮ್ಮೂರಲ್ಲ ಅಕ್ಕ, ಮೂರ್ನಾಲ್ಕು ಹಳ್ಳಿ ಆಚೆ, ಬೇರೆ ಮನೆತನ, ಆದ್ರೆ ಕಥೆ ಅದೇ. ಹಗಲು ಗೌಡ್ರ ಗದ್ದೇಲಿ ಗೇಣಿ ಕೆಲಸ, ರಾತ್ರಿ ಗುಂಡಿ. ಕೂಲಿ ಕೇಳಂಗಿಲ್ಲ, "ಸಿಕ್ಕಿದ್ರೆ ನಿನಗೂ ಒಂದು ಪಾಲು". ನಮ್ಮಜ್ಜಿ ಹೇಳೋರು, ಗೌಡ್ರ ಮನೆಯಿಂದ ಕರೆಯೋಕೆ ಬಂದಾಗೆಲ್ಲ ಜೀವ ಬಾಯಿಗೆ ಬರ್ತಿತ್ತಂತೆ. ಬಲಿ ಅಂದ್ರೆ ಕೋಳಿನೇ ಅಂತ ಯಾರು ಗ್ಯಾರಂಟಿ ಕೊಡ್ತಾರೆ? ಚೊಚ್ಚಲ ಮಗನ್ನ ಅಮಾವಾಸ್ಯೆ ಬಂದ್ರೆ ತವರಿಗೆ ಕಳಿಸಿಬಿಡೋರು. ಆ ಮಗ ನಮ್ಮಪ್ಪ.

ಇನ್ನೊಂದು ವಿಷಯ. ನಿಮ್ಮ ಮನೇಲಿ ನಿಧಿ ಸಿಗಲೇ ಇಲ್ಲ ಅಂತೀರ. ನಮ್ಮ ಕೇರೀಲಿ ಕೇಳಿ, ಆ ಮನೆಯವರಿಗೆ ಸಿಕ್ಕಿತ್ತು ಅಂತಾನೇ ಎಲ್ರೂ ಹೇಳೋದು. ಇಲ್ಲಾಂದ್ರೆ ಜಮೀನು ಹೋದ ಮೇಲೂ ಮಕ್ಕಳು ಬೆಂಗಳೂರು, ಅಮೆರಿಕ ಅಂತ ಹೆಂಗೆ ಹೋದ್ರು? ನಂಗೂ ಓದೋವರೆಗೆ ಅದೇ ನಂಬಿಕೆ. ಆಮೇಲೆ ಗೊತ್ತಾಯ್ತು, ಓದು ಬರಹ ಮೂರು ತಲೆಮಾರು ಮೊದಲೇ ಶುರು ಮಾಡಿದ್ರೆ ಹಂಗೆ ಹೋಗಬಹುದು ಅಂತ.

ಹೇಮಾವತಿ_ದಂಡೆ

ಗುಡ್ಡೇತೋಟದವರೇ, ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮ ಮನೆಯ ಮಾತನ್ನೂ ಹೇಳಲೇಬೇಕು, ಹೇಳಲು ಮುಜುಗರ. ದೊಡ್ಡಪ್ಪ ಸಾಯುವವರೆಗೂ ಹೇಳುತ್ತಿದ್ದದ್ದು, ಅಗೆಯಲು ಬಂದವರೇ ಕೊಪ್ಪರಿಗೆ ಕಂಡು ಮಣ್ಣು ಮುಚ್ಚಿ, ಆಮೇಲೆ ರಾತ್ರೋರಾತ್ರಿ ಹೊತ್ತೊಯ್ದರು ಅಂತ. ಸಾಕ್ಷಿ? ಅವರು ಹೆಂಚಿನ ಮನೆ ಕಟ್ಟಿದರು, ಮಗಳ ಮದುವೆಗೆ ವಾಲಗ ತರಿಸಿದರು. ಆ ಎರಡು ಮನೆಯವರ ಹತ್ತಿರ ನಮ್ಮವರಿಗೆ ಇವತ್ತಿಗೂ ಮಾತಿಲ್ಲ.

ಅಪ್ಪನನ್ನು ಕೇಳಿದೆ, ಹೆಂಚಿನ ಮನೆ ಕಟ್ಟಿದ್ದು ಯಾವಾಗ? ಫಾರಂ 7ರಲ್ಲಿ ಗದ್ದೆ ಅವರ ಹೆಸರಿಗೆ ಆಗಿ ಗೇಣಿ ಭತ್ತ ಅಳೆಯುವುದು ತಪ್ಪಿದ ಮೇಲೆ. ನಾಲ್ಕು ಫಸಲು ಪೂರ್ತಿ ಮನೆಯಲ್ಲೇ ಉಳಿದರೆ ಹೆಂಚು ಬರುವುದಿಲ್ಲವೇ ಅಂದೆ. ಅಪ್ಪ ಮಾತಾಡಲಿಲ್ಲ, ಟೀವಿ ಸೌಂಡು ಜಾಸ್ತಿ ಮಾಡಿದರು.

ಗುಡ್ಡೇತೋಟ

😀 ನಿಮಗೆ ಸಿಕ್ತು ಅಂತ ನಮ್ಮೋರು, ನಮಗೆ ಸಿಕ್ತು ಅಂತ ನಿಮ್ಮೋರು. ಎಲ್ಲೋಯ್ತು ಹಂಗಾರೆ ಕೊಪ್ಪರಿಗೆ?

ಕಾಫಿಹೂವು

ಮಂತ್ರವಾದಿ ಮನೆಗೆ. ನಮ್ಮ ಅತ್ತೆಯ ಬಂಗಾರವೂ ಅಲ್ಲೇ ಇದೆ. ನಮ್ಮ ಮಾವನವರ ಕಾಲದಲ್ಲಿ ನಿಧಿ, ನಮ್ಮೆಜಮಾನರ ಕಾಲದಲ್ಲಿ ರೈಸ್ ಪುಲ್ಲರ್. ಅಕ್ಕಿಕಾಳು ಎಳೆಯೋ ಚೊಂಬು, ಕೋಟಿ ಕೋಟಿಗೆ ವಿದೇಶದವರು ಕೊಳ್ತಾರಂತೆ. ಮನೆ ಗಂಡಸರು ರಾತ್ರಿ ಚೊಂಬಿನ ಸುತ್ತ ಕೂತು ಅಕ್ಕಿ ಅಲ್ಲಾಡ್ತಾ ಅಂತ ಟಾರ್ಚ್ ಬಿಟ್ಟು ನೋಡೋರು. ಬೆಳಗ್ಗೆ ಆ ಅಕ್ಕೀನ ನಾನೇ ಗುಡಿಸಿ ಕೋಳಿಗೆ ಹಾಕ್ತಿದ್ದೆ. ನಿಧಿ ಆದ್ರೂ ವಾಸಿ, ಗುಂಡಿಯಾದರೂ ಉಳಿಯುತ್ತೆ.

ಹೇಮಾವತಿ ಅಕ್ಕ, ನಿಮ್ಮ ಚಿಕ್ಕಮ್ಮನ ಹತ್ರ ಮಾತಾಡಿ. ಸಾಲಕ್ಕೆ ಅವರ ಸಹಿ ಬೇಕಾಗಬಹುದು, ಇಲ್ಲಾ ಒಡವೆನಾದ್ರೂ ಬೇಕಾಗುತ್ತೆ. ನಮ್ಮನೇಲಿ ಇದು ನಿಂತಿದ್ದು ಅತ್ತೆ ಬೀರುವಿನ ಕೀ ಕೊಡಲ್ಲ ಅಂದ ದಿನ. ಶಾಸನ ಓದಿ ಅಲ್ಲ.

ಐಗೂರು_ಸೀಮೆ

ಚರ್ಚೆ ಬೇರೆ ಕಡೆ ಹೋಯ್ತು, ಆದ್ರೂ ಒಪ್ತೀನಿ. ನಾನು ವೆಂಕಟಾದ್ರಿ ನಾಯಕನ ಬಗ್ಗೆ ಹೇಳಿದ್ದನ್ನ ವಾಪಸ್ ತಗೊಳ್ಳಲ್ಲ, ಅವನ ಹೆಸರಲ್ಲಿ 3 ಲಕ್ಷ ಕೊಡೋದು ಮಾತ್ರ ಬೇಡ. ಗಲ್ಲಿಗೇರಿದವನ ಹೆಸರನ್ನ ನಮ್ಮ ಸೀಮೆ ಜನ ನೆನೆಯೋದೇ ಗುಂಡಿ ತೋಡೋವಾಗ ಅನ್ನೋದು ಬೇಜಾರು.

ಹೇಮಾವತಿ_ದಂಡೆ

ಸುದ್ದಿ ಇದೆ. ಭಾನುವಾರ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಫೋನಿನಲ್ಲೇ ಎಲ್ಲ ಹೇಳಿದ್ದೆ, ಅವರು ತಯಾರಾಗಿದ್ದರು. ಪಾರ್ಟಿಯವರೂ ಬಂದಿದ್ದರು, ಇಬ್ಬರು, ಒಬ್ಬರು ಕೂಲಿಂಗ್ ಗ್ಲಾಸ್. ಕಾಫಿ ಕೊಟ್ಟು, ಐದು ಬಕೆಟ್ ಬೋರಲು ಹಾಕಿ ಚಿಕ್ಕಮ್ಮನೇ ಮಾತು ತೆಗೆದರು. "ದೇವರ ವಸ್ತುವನ್ನು ಪರೀಕ್ಷೆ ಮಾಡಬಾರದು ಅಮ್ಮಾ" ಅಂದರು. "ಬಳೆ ನಂದೇ, ದೇವರದ್ದಲ್ಲ" ಅಂದರು ಚಿಕ್ಕಮ್ಮ. ರಸೀದಿಯ ಮಾತು ಬರುವಷ್ಟರಲ್ಲಿ ಅವರಿಗೆ ಅರಸೀಕೆರೆಯಲ್ಲಿ ಇನ್ನೊಂದು ಸೈಟ್ ನೆನಪಾಯಿತು.

ಚಿಕ್ಕಪ್ಪ ನನ್ನ ಮೇಲೆ ಮುನಿದಿದ್ದಾರೆ. ಕ್ರಯಪತ್ರದ ಒಕ್ಕಣೆ ತೋರಿಸಿದೆ, ಓದಿದರು, ಕನ್ನಡಕ ತೆಗೆದು "ನಮ್ಮಪ್ಪ ದಡ್ಡನಾ ಹಾಗಾದರೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಮ್ಮ ಇನ್ನೂ ಬಿಟ್ಟಿಲ್ಲ, ಈ ಚರ್ಚೆಯ ಲಿಂಕ್ ಕಳಿಸಿದ್ದೇನೆ, ಓದುತ್ತಿರಬಹುದು. ಓದುತ್ತಿದ್ದರೆ: ಮುಂದಿನ ತಿಂಗಳು ಮೆಣಸು ಕೊಯ್ಲಿಗೆ ಆಳು ಹುಡುಕು ಮಾರಾಯ.

ಒಗೆಯುವ ಕಲ್ಲನ್ನು ಏನು ಮಾಡಲಿ? ಊರ ಈಶ್ವರ ಗುಡಿಯ ಎದುರು ನಿಲ್ಲಿಸಬಹುದೇ?

ಶಾಸನಪ್ರಿಯ

ಇದ್ದ ಜಾಗ ನೆನಪಿದ್ದರೆ ಅಲ್ಲೇ ನಿಲ್ಲಿಸುವುದು ಎಲ್ಲಕ್ಕಿಂತ ಮೇಲು, ಎಲ್ಲೆ ಕಲ್ಲಿಗೆ ಅರ್ಥ ಬರುವುದು ಜಾಗದಿಂದ. ಮೊದಲು ಫೋಟೊ ತೆಗೆಯಿರಿ, ಸಂಜೆಯ ಅಡ್ಡ ಬಿಸಿಲಲ್ಲಿ, ಹಿಂಬದಿಯಲ್ಲಿ ಬರಹ ಇದ್ದರೆ ಕಾಣುತ್ತದೆ. ಸುಣ್ಣ, ಆಯಿಲ್ ಪೇಂಟ್ ಹಚ್ಚಬೇಡಿ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ; ಬಳಪದ ಬರಹ, ಒರೆಸಿದರೆ ಸ್ಲೇಟಿನ ಹಾಗೆ ಹೋಗುತ್ತದೆ. ಬಿಸಿಲಿಗೂ ಇಡಬೇಡಿ. ಎಲ್ಲ ಮಡಿಕೆಗಳ ಫೋಟೊ ಹಾಕಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಓದಬಲ್ಲವರು ಇದ್ದಾರೆ.

ಹೇಮಾವತಿ_ದಂಡೆ

ಫೋಟೊಗಳನ್ನು ಹಾಕಿದ್ದೇನೆ. ಕೊನೆಯ ಮಡಿಕೆಯಲ್ಲಿ "ಗ" ಅಂತ ಬರೆದು ಮುಂದೆ ಕನ್ನಡ ಅಂಕಿಗಳಿವೆ, 40 ಇರಬೇಕು. ಪಕ್ಕದಲ್ಲಿ ನಮ್ಮ ಮನೆತನದ ಹೆಸರಿದೆ. ಇದೇನು?

ಸೋಮಾರಿ_ಸಕಲೇಶಪುರ

ಅಕ್ಕ, ಡಿಲೀಟ್ ಮಾಡಿ ಮೊದಲು. ನಿಮ್ಮ ತಮ್ಮ ಓದ್ತಾ ಇದಾನೆ!

ಶಾಸನಪ್ರಿಯ

"ಗ" ಅಂದರೆ ಗದ್ಯಾಣ, ಚಿನ್ನದ ನಾಣ್ಯ; ಕಡತದ ಕಾಲದ ಲೆಕ್ಕದಲ್ಲಿ ವರಹ ಅಂತ ಹಿಡಿಯಿರಿ. 40 ವರಹ. ಮೇಲಿನ ಸಾಲು ನಿಧಾನವಾಗಿ ಬಿಡಿಸಿದೆ: ದೇವರ ಭಂಡಾರದಿಂದ ನಿಮ್ಮ ಹಿರಿಯರು ಬಡ್ಡಿಗೆ ತೆಗೆದುಕೊಂಡದ್ದು. ತೀರಿಸಿದ ನಮೂದು ಈ ಮಡಿಕೆಯಲ್ಲಿ ಕಾಣುತ್ತಿಲ್ಲ. ಹಿಂಬದಿಯ ಫೋಟೊ ಇದ್ದರೆ ಹಾಕಿ.

ಗುಡ್ಡೇತೋಟ

ಹಿಂಬದಿ ಹಾಕ್ಬೇಡಿ ಅಕ್ಕ. ಗುಡಿ ಕಮಿಟಿಯವರು ಬಡ್ಡಿ ಲೆಕ್ಕ ಹಾಕ್ಕೊಂಡು ಬರ್ತಾರೆ.